ಅವ್ವನಿಗೆ ಮಾರ್ಫಿನ್, ಅಣ್ಣನಿಗೆ ಟ್ರಮಡಾಲ್: ನಮ್ಮ ಮನೆಗೆ ಬಂದ ಎರಡು ನೋವಿನ ಮಾತ್ರೆಗಳು

ಇದು ಎರಡು ಮಾತ್ರೆಗಳ ವಿಮರ್ಶೆ. ಒಂದು ಮಾರ್ಫಿನ್, 10 ಮಿಲಿಗ್ರಾಂನದು. ಇನ್ನೊಂದು ಪ್ಯಾರಸಿಟಮಾಲ್ ಬೆರೆಸಿದ ಟ್ರಮಡಾಲ್. ಎರಡೂ ಒಪಿಯಾಯ್ಡ್ ಎಂಬ, ಅಫೀಮಿನಂತೆ ಕೆಲಸ ಮಾಡುವ ಒಂದೇ ಕುಲದ ನೋವಿನ ಔಷಧಿಗಳು, ಎರಡಕ್ಕೂ ವೈದ್ಯರ ಚೀಟಿ ಬೇಕು. ಮೊದಲನೆಯದನ್ನು ಅವ್ವನ ಕ್ಯಾನ್ಸರ್ ನೋವಿಗೆ ತಂದೆವು. ಎರಡನೆಯದನ್ನು ಅಣ್ಣ ತನ್ನ ಬೆನ್ನು ನೋವಿಗೆ ತಾನೇ ತಂದುಕೊಂಡ. ನಾನು ಸಿಂಧನೂರಿನ ಒಂದು ಗೊಬ್ಬರ, ಕೀಟನಾಶಕದ ಅಂಗಡಿಯಲ್ಲಿ ಲೆಕ್ಕ ಬರೆಯುವವಳು, ವೈದ್ಯಳಲ್ಲ. ಆದರೆ ಎರಡು ಔಷಧಿಗಳ ಹೊತ್ತು, ಪ್ರಮಾಣ, ಪರಿಣಾಮಗಳನ್ನು ಪುಸ್ತಕದಲ್ಲಿ ಬರೆದಿಟ್ಟವಳು ನಾನೇ. ಅವ್ವನದನ್ನು ತಂದವಳು, ಕೊಟ್ಟವಳು, ರಾತ್ರಿ ಎದ್ದು ಉಸಿರು ನೋಡಿದವಳೂ ನಾನೇ.

ತೀರ್ಪನ್ನು ಮೊದಲೇ ಹೇಳುತ್ತೇನೆ. ಮೂಳೆಗೆ ಇಳಿದ ಕ್ಯಾನ್ಸರಿನ ನೋವಿಗೆ ಮಾರ್ಫಿನ್‌ನಷ್ಟು ನಂಬಿಗಸ್ತ ಔಷಧಿಯನ್ನು ನಾನು ಕಂಡಿಲ್ಲ. ವರ್ಷಗಟ್ಟಲೆ ಕಾಡುವ ಬೆನ್ನು ನೋವಿಗೆ ಟ್ರಮಡಾಲನ್ನು ನಾನು ಯಾರಿಗೂ ಹೇಳುವುದಿಲ್ಲ. ನಮ್ಮ ಕಡೆ ಜನ ಮೊದಲನೆಯದರ ಹೆಸರು ಕೇಳಿದರೆ ಬೆಚ್ಚುತ್ತಾರೆ, ಎರಡನೆಯದನ್ನು ಚಹಾದ ಜೊತೆ ನುಂಗುತ್ತಾರೆ. ಹೆದರಬೇಕಾದ ಕಡೆ ಹೆದರಿಕೆಯಿಲ್ಲ, ಹೆದರಬಾರದ ಕಡೆ ತುಂಬಿ ತುಳುಕುತ್ತಿದೆ. ಈ ಬರಹಕ್ಕೆ ಕಾರಣವೇ ಅದು.

ಅವ್ವನಿಗೆ ಸ್ತನ ಕ್ಯಾನ್ಸರ್. ಶಸ್ತ್ರಚಿಕಿತ್ಸೆ, ಕಿಮೊ ಎಲ್ಲ ಮುಗಿದು ಆರಾಮಾಗಿದ್ದಳು. ಆಮೇಲೆ ಸೊಂಟದ ಮೂಳೆಗೂ ಬೆನ್ನುಮೂಳೆಯ ಮಣಿಗಳಿಗೂ ರೋಗ ಹರಡಿತು. ಮೂಳೆಯ ನೋವನ್ನು ಹತ್ತಿರದಿಂದ ನೋಡದವರಿಗೆ ಅದನ್ನು ತಿಳಿಸುವುದು ಕಷ್ಟ. ಮಗ್ಗುಲು ಬದಲಿಸಲು ಇಬ್ಬರು ಬೇಕು. ಬದಲಿಸಿದ ಮೇಲೆ ಮೊದಲಿನ ಮಗ್ಗುಲೇ ಚೆನ್ನಾಗಿತ್ತು ಎನ್ನುತ್ತಾಳೆ. ಬೀದಿಯಲ್ಲಿ ಭತ್ತದ ಟ್ರ್ಯಾಕ್ಟರ್ ಹೋಗಿ ಮಂಚ ಕೊಂಚ ಅದುರಿದರೂ ಹಲ್ಲು ಕಚ್ಚುತ್ತಾಳೆ. ಊರಿನಲ್ಲಿ ಎಲ್ಲದಕ್ಕೂ ಸೂಜಿ ಮಾಡಿಸುವುದು ರೂಢಿ. ಡೈಕ್ಲೊಫೆನಾಕ್ ಸೂಜಿ ಆಯಿತು, ಪೆಂಟಾಜೊಸಿನ್ ಸೂಜಿಯೂ ಆಯಿತು. ಎರಡು ಮೂರು ಗಂಟೆ ಮಂಪರು, ಮತ್ತೆ ಅದೇ ನರಳಾಟ. ಡೈಕ್ಲೊಫೆನಾಕ್ ದಿನವೂ ಸೇರಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಪೆಟ್ಟು. ಪೆಂಟಾಜೊಸಿನ್‌ಗೆ ಒಂದು ಮಟ್ಟದಾಚೆ ನೋವು ತಗ್ಗಿಸುವ ಶಕ್ತಿಯಿಲ್ಲ, ಮೇಲಾಗಿ ಕೆಲವರಿಗೆ ಇಲ್ಲದ್ದು ಕಾಣಿಸಲು ಶುರುವಾಗುತ್ತದೆ. ಅವ್ವ ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎನ್ನುತ್ತಿದ್ದಳು. ಮಾರ್ಫಿನ್ ತೆಗೆದುಕೊಳ್ಳುತ್ತಿರುವವರಿಗೆ ಈ ಸೂಜಿ ಕೊಡಲೇಬಾರದು, ಅದು ಮಾರ್ಫಿನ್‌ನ ಕೆಲಸವನ್ನೇ ತಡೆದು ನೋವನ್ನೂ ಚಡಪಡಿಕೆಯನ್ನೂ ಎಬ್ಬಿಸಬಹುದು ಎಂಬುದು ಮುಂದೆ ತಿಳಿಯಿತು. ನಿಮ್ಮ ಮನೆಯಲ್ಲಿ ಮಾರ್ಫಿನ್ ಇದ್ದರೆ, ಸೂಜಿ ಹಿಡಿದು ಬರುವ ಪ್ರತಿಯೊಬ್ಬರಿಗೂ ಅದನ್ನು ಮೊದಲೇ ಹೇಳಿ.

ದೂರದ ಊರಿನ ಒಂದು ದೊಡ್ಡ ಆಸ್ಪತ್ರೆಯ ನೋವು ಶಮನ ವಿಭಾಗದಲ್ಲಿ ವೈದ್ಯೆಯೊಬ್ಬರು ಅವ್ವನನ್ನು ಕೇಳಿದರು: ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ಇದಕ್ಕಿಂತ ಹೆಚ್ಚಿನದು ಊಹಿಸಲಾಗದು, ನಿನ್ನದು ಎಷ್ಟು? ಅವ್ವ ಎರಡೂ ಕೈಗಳ ಬೆರಳುಗಳನ್ನು ಬಿಡಿಸಿ ತೋರಿಸಿದಳು. ಅಷ್ಟು ದಿನ ಯಾರೂ ಅವಳ ನೋವನ್ನು ಅಳೆದಿರಲಿಲ್ಲ. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಏಣಿಯೊಂದನ್ನು ಸೂಚಿಸಿತ್ತು. ಮೊದಲು ಪ್ಯಾರಸಿಟಮಾಲ್‌ನಂಥವು, ಆಮೇಲೆ ಸೌಮ್ಯ ಒಪಿಯಾಯ್ಡ್, ನಂತರ ಮಾರ್ಫಿನ್. ನೋವು ಮೇಲಿನ ಮೆಟ್ಟಿಲಲ್ಲಿದ್ದರೆ ಕೆಳಗೆ ಕಾಯುತ್ತ ಕೂರಬೇಕಿಲ್ಲ ಎಂದರು ವೈದ್ಯೆ. 10ರ ಮಾತ್ರೆಯ ಅರ್ಧದಿಂದ ಶುರು ಮಾಡಿದರು.

ಈ ಔಷಧಿಯ ಗುಟ್ಟೆಲ್ಲ ಗಡಿಯಾರದಲ್ಲಿದೆ. ಸಾಮಾನ್ಯ ಮಾರ್ಫಿನ್ ಮಾತ್ರೆ ಅರ್ಧ ಗಂಟೆಯ ಹೊತ್ತಿಗೆ ಕೆಲಸ ಹಿಡಿಯುತ್ತದೆ, ಸುಮಾರು ನಾಲ್ಕು ಗಂಟೆ ಕಾಯುತ್ತದೆ. ಆದ್ದರಿಂದ ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು. ನಡುರಾತ್ರಿ ಎಬ್ಬಿಸುವುದು ತಪ್ಪಲೆಂದು ವೈದ್ಯೆ ಹತ್ತರದ್ದನ್ನು ಇಮ್ಮಡಿ ಬರೆದರು. ನೋವು ಬಂದ ಮೇಲೆ ಕೊಡುವುದಲ್ಲ, ಬರುವ ಮುನ್ನ ಕೊಡುವುದು. ಅದರ ನಡುವೆಯೂ ನೋವು ನುಗ್ಗಿದರೆ ಕೊಡಲು ದಿನದ ಒಟ್ಟು ಪ್ರಮಾಣದ ಆರನೆಯ ಒಂದು ಭಾಗದಷ್ಟು ಹೆಚ್ಚುವರಿ ಡೋಸ್. ಅದನ್ನು ಕೊಟ್ಟ ಹೊತ್ತನ್ನೆಲ್ಲ ಬರೆದಿಟ್ಟೆ. ಹೆಚ್ಚುವರಿ ಪದೇ ಪದೇ ಬೇಕಾದರೆ ಮೂಲ ಡೋಸ್ ಸಾಲುತ್ತಿಲ್ಲ ಎಂದರ್ಥ. ಆ ಪುಸ್ತಕ ನೋಡಿಯೇ ವೈದ್ಯೆ ಪ್ರಮಾಣ ಏರಿಸಿದರು. ಇವೆಲ್ಲ ಅವ್ವನ ಪ್ರಮಾಣಗಳು, ಅವಳ ವೈದ್ಯೆ ಅವಳಿಗೆ ಬರೆದವು. ಯಾರೂ ಇದನ್ನು ನೋಡಿ ತಮ್ಮವರಿಗೆ ಕೊಡಬಾರದು.

ಪರಿಣಾಮ? ಅವ್ವ ಕುಳಿತು ಉಂಡಳು. ಜೋಳದ ರೊಟ್ಟಿ ದಪ್ಪವಾಯಿತೆಂದು ನನ್ನ ಮೇಲೆ ರೇಗಿದಳು. ರೇಗುವಷ್ಟು ಚೈತನ್ಯ ಬಂದದ್ದು ನೋಡಿ ನನಗೆ ಕಣ್ಣು ತುಂಬಿತು. ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆಗೆ ಕರೆದುಕೊಂಡು ಹೋಗೆಂದು ಹಟ ಹಿಡಿದಳು, ಕಾರಿನಲ್ಲಿ ಕರೆದೊಯ್ದು ಬಂದೆವು. ನೋವಿನ ಅಂಕ ಹತ್ತರಿಂದ ಎರಡು ಮೂರಕ್ಕೆ ಇಳಿಯಿತು, ಸೊನ್ನೆಯಾಗಲಿಲ್ಲ. ಕಾಲಿಗೆ ಇಳಿಯುವ ಉರಿ, ಜುಮ್ಮೆನ್ನುವ ನರದ ನೋವಿಗೆ ಮಾರ್ಫಿನ್ ಅರ್ಧಂಬರ್ಧ ಮಾತ್ರ ಕೆಲಸ ಮಾಡಿತು. ಅದಕ್ಕೆ ಅಮಿಟ್ರಿಪ್ಟಿಲಿನ್ ಸೇರಿಸಿದರು. ಸೊಂಟದ ಮೂಳೆಗೆ ಒಂದೇ ಸಲದ ವಿಕಿರಣ ಕೊಟ್ಟರು. ಮೂಳೆ ನೋವಿಗೆ ಹಲವು ಕಂತುಗಳ ಬದಲು ಒಂದೇ ಕಂತಿನಲ್ಲೂ ಒಳ್ಳೆಯ ಉಪಶಮನ ಸಿಗುತ್ತದೆ ಎಂಬುದು ದೂರದೂರಿನ ರೋಗಿಗಳಿಗೆ ಎಷ್ಟು ದೊಡ್ಡ ವಿಷಯ ಎಂಬುದನ್ನು ಬಸ್ಸಿನಲ್ಲಿ ರೋಗಿಯನ್ನು ಮಲಗಿಸಿಕೊಂಡು ಹೋದವರೇ ಬಲ್ಲರು.

ನೆಂಟರು ಏನೆಂದರು ಎಂಬುದನ್ನೂ ಹೇಳಬೇಕು. "ಅದು ಅಫೀಮಿನ ಮಾತ್ರೆ, ಚಟ ಹಿಡಿಯುತ್ತದೆ", "ಮಾರ್ಫಿನ್ ಶುರುವಾಯಿತೆಂದರೆ ಮುಗಿಯಿತು". ಅಫೀಮಿನಿಂದ ಬಂದದ್ದು ನಿಜ. ಗಸಗಸೆ ಗಿಡದ ಕಾಯಿಯ ಹಾಲಿನಿಂದ ಜರ್ಮನಿಯ ಸೆರ್ಟ್ಯುರ್ನರ್ ಎಂಬ ಔಷಧ ತಯಾರಕ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಬೇರ್ಪಡಿಸಿದ. ಉಳಿದ ಮಾತು ನಿಜವಲ್ಲ. ಬಹಳ ದಿನ ತೆಗೆದುಕೊಂಡವರ ಮೈ ಅದಕ್ಕೆ ಒಗ್ಗುತ್ತದೆ, ಥಟ್ಟನೆ ನಿಲ್ಲಿಸಿದರೆ ಬೆವರು, ಭೇದಿ, ಚಡಪಡಿಕೆ ಬರುತ್ತವೆ. ಅದು ಮೈಯ ಒಗ್ಗಿಕೆ. ಹಾನಿಯಾಗುತ್ತಿದ್ದರೂ ಔಷಧಿಯ ಹಿಂದೆ ಓಡುವುದು ಚಟ. ಅವ್ವ ಒಂದು ದಿನವೂ ಹೊತ್ತಿಗೆ ಮೊದಲು ಮಾತ್ರೆ ಕೇಳಲಿಲ್ಲ. ವಿಕಿರಣದ ನಂತರ ನೋವು ಇಳಿದಾಗ ವೈದ್ಯೆ ಪ್ರಮಾಣವನ್ನು ನಿಧಾನವಾಗಿ ತಗ್ಗಿಸಿದರು, ಅವಳು ತಕರಾರಿಲ್ಲದೆ ಒಪ್ಪಿದಳು. ಸಾವು ಹತ್ತಿರ ಬಂದಾಗ ಮಾತ್ರ ಕೊಡುವ ಔಷಧಿಯೂ ಇದಲ್ಲ. ಸರಿಯಾದ ಪ್ರಮಾಣದಲ್ಲಿ ಅದು ಸಾವನ್ನು ಬೇಗ ತರುವುದಿಲ್ಲ. ನೋವು ತಿನ್ನುತ್ತಿದ್ದ ಊಟ, ನಿದ್ದೆಗಳನ್ನು ಅವ್ವನಿಗೆ ಹಿಂದಕ್ಕೆ ಕೊಟ್ಟದ್ದು ಅದೇ.

ಇನ್ನು ತೊಂದರೆಗಳು. ಮಲಬದ್ಧತೆ ಮೊದಲನೆಯದು, ಕೊನೆಯತನಕ ಬಿಡದ್ದು. ಮಾರ್ಫಿನ್ ಹಿಡಿದುಕೊಳ್ಳುವ ಬಿಂದುಗಳು ಮಿದುಳು, ಬೆನ್ನುಹುರಿಗಳಲ್ಲಿ ಇರುವಂತೆಯೇ ಕರುಳಿನಲ್ಲೂ ಇವೆ. ಕರುಳಿನ ಚಲನೆ ಮಂದವಾಗುತ್ತದೆ. ಓಕರಿಕೆ, ಮಂಪರು ಕೆಲವು ದಿನಗಳಲ್ಲಿ ಮೈಗೆ ಒಗ್ಗಿ ಕಡಿಮೆಯಾಗುತ್ತವೆ, ಇದು ಮಾತ್ರ ಒಗ್ಗುವುದಿಲ್ಲ. ಆದ್ದರಿಂದ ಮೊದಲ ಮಾರ್ಫಿನ್ ಮಾತ್ರೆಯ ದಿನದಿಂದಲೇ ಭೇದಿ ಮಾಡಿಸುವ ಮಾತ್ರೆಯೂ ಶುರುವಾಗಬೇಕು. ಬಿಸಾಕೊಡಿಲ್, ಸೆನ್ನಾದಂಥ ಕರುಳನ್ನು ಕೆಣಕುವ ಔಷಧಿಗಳು ಬೇಕು. ಪಕ್ಕದ ಮನೆಯವರು ಹೇಳುವ ಇಸಬಗೋಲು ಇಲ್ಲಿ ಸಲ್ಲದು. ನೀರು ಕಡಿಮೆ ಕುಡಿಯುವ, ಮಲಗಿಯೇ ಇರುವ ರೋಗಿಯ ಮಂದ ಕರುಳಿನಲ್ಲಿ ಅದು ಉಬ್ಬಿ ಗಟ್ಟಿಯಾಗಿ ಕೂತುಬಿಡಬಹುದು. ಮಾರ್ಫಿನ್ ಬರೆದು ಭೇದಿ ಮಾಡಿಸುವ ಮಾತ್ರೆ ಬರೆಯದ ಚೀಟಿ ಅರ್ಧ ಚೀಟಿ ಎಂದೇ ನನ್ನ ಅಭಿಪ್ರಾಯ.

ನಿಜವಾದ ಅಪಾಯ ಬೇರೆ, ಅದನ್ನು ನಾನು ಕಂಡದ್ದು ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ. ನಲವತ್ತು ಡಿಗ್ರಿ ದಾಟಿದ ದಿನಗಳು. ಅವ್ವನಿಗೆ ವಾಂತಿಯಾಗಿ ಮೈಯಲ್ಲಿ ನೀರು ಆರಿತ್ತು, ಮೂತ್ರ ಕಡಿಮೆಯಾಗಿತ್ತು. ಅದೇ ಡೋಸಿನಲ್ಲಿ ಅವಳು ಹೆಚ್ಚು ಹೆಚ್ಚು ನಿದ್ದೆಗೆ ಜಾರತೊಡಗಿದಳು, ಕೈಬೆರಳುಗಳು ಥಟ್ಟನೆ ಅದುರತೊಡಗಿದವು. ಮಾರ್ಫಿನ್ ಯಕೃತ್ತಿನಲ್ಲಿ ಒಡೆದ ಮೇಲೆ ಹುಟ್ಟುವ ಅಂಶಗಳು ಮೂತ್ರಪಿಂಡದ ಮೂಲಕ ಹೊರಹೋಗಬೇಕು. ಮೂತ್ರಪಿಂಡ ಸೋತರೆ ಅವು ರಕ್ತದಲ್ಲೇ ಕೂಡುತ್ತ ಹೋಗುತ್ತವೆ. ಫೋನಿನಲ್ಲಿ ವೈದ್ಯೆ ಕೇಳಿದ ಮೊದಲ ಪ್ರಶ್ನೆ: ನಿಮಿಷಕ್ಕೆ ಎಷ್ಟು ಉಸಿರು? ಕರೆದರೆ ಕಣ್ಣು ಬಿಡುತ್ತಾರೆಯೇ? ಮುಂದಿನ ಡೋಸ್ ತಡೆಸಿದರು, ಡ್ರಿಪ್ ಹಾಕಿಸಿದರು, ಆಮೇಲೆ ಕಡಿಮೆ ಪ್ರಮಾಣದಿಂದ ಮತ್ತೆ ಶುರು ಮಾಡಿದರು. ಉಸಿರು ತೀರಾ ನಿಧಾನವಾಗುವ ಮೊದಲು ಹೆಚ್ಚಾಗಿ ಈ ಗಾಢ ನಿದ್ದೆ ಬರುತ್ತದೆ. ಅಲುಗಾಡಿಸಿ ಕರೆದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟು ಹತ್ತಕ್ಕೆ ಇಳಿದರೆ, ತುಟಿ ಕಪ್ಪಿಟ್ಟರೆ ಯಾರ ಅಪ್ಪಣೆಗೂ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ನಾಲಾಕ್ಸೋನ್ ಎಂಬ ಪ್ರತಿಮದ್ದು ಇದೆ, ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಆದರೆ ಅದರ ಬಲ ಬೇಗ ಇಳಿಯುವುದರಿಂದ ರೋಗಿಯನ್ನು ಕಾಯುತ್ತಲೇ ಇರಬೇಕು. ಮದ್ಯ, ನಿದ್ದೆ ಮಾತ್ರೆ, ಆತಂಕ ತಗ್ಗಿಸುವ ಆಲ್‌ಪ್ರಜೋಲಾಮ್‌ನಂಥವು ಜೊತೆಗೆ ಸೇರಿದರೆ ಈ ಅಪಾಯ ಬಹಳ ಹೆಚ್ಚುತ್ತದೆ.

ನುಂಗಲು ಆಗದಂತಾದಾಗ ಫೆಂಟನಿಲ್ ಎಂಬ ಇನ್ನೊಂದು ಒಪಿಯಾಯ್ಡ್‌ನ ಪಟ್ಟಿಗೆ ಬದಲಿಸಿದರು. ಚರ್ಮಕ್ಕೆ ಅಂಟಿಸಿ 72 ಗಂಟೆಗೊಮ್ಮೆ ಬದಲಿಸುವುದು. ಮೂತ್ರಪಿಂಡ ದುರ್ಬಲವಾದವರಿಗೆ ಇದು ಮಾರ್ಫಿನ್‌ಗಿಂತ ಸುರಕ್ಷಿತ, ಬೆಲೆ ಮಾತ್ರ ಎಷ್ಟೋ ಪಾಲು ಹೆಚ್ಚು. ಅಂಟಿಸಿದ ಮೇಲೆ ಪೂರ್ಣ ಪರಿಣಾಮಕ್ಕೆ ಅರ್ಧ ದಿನದಿಂದ ಒಂದು ದಿನ ಹಿಡಿಯುತ್ತದೆ. ಕಿತ್ತ ಮೇಲೂ ಔಷಧಿ ಗಂಟೆಗಟ್ಟಲೆ ರಕ್ತಕ್ಕೆ ಇಳಿಯುತ್ತಿರುತ್ತದೆ. ನಮ್ಮ ಊರಿಗೆ ಇದರಲ್ಲಿ ಒಂದು ವಿಶೇಷ ತೊಡಕು: ಬಿಸಿ. ಜ್ವರ ಬಂದರೆ, ಬಿಸಿನೀರಿನ ಚೀಲ ತಾಗಿದರೆ, ಮೈ ಕಾದರೆ ಪಟ್ಟಿಯಿಂದ ಔಷಧಿ ಹೆಚ್ಚು ವೇಗವಾಗಿ ಇಳಿಯುತ್ತದೆ. ಕರೆಂಟು ಹೋದ ಮಧ್ಯಾಹ್ನ ಬೆವರಿಗೆ ಅಂಚು ಏಳುತ್ತದೆ. ಒದ್ದೆ ಬಟ್ಟೆಯಿಂದ ಮೈ ಒರೆಸುತ್ತ, ಬೀಸಣಿಗೆ ಬೀಸುತ್ತ ಕಾದೆವು. ತೆಗೆದ ಪಟ್ಟಿಯಲ್ಲಿ ಇನ್ನೂ ಮಗುವನ್ನು ಕೊಲ್ಲುವಷ್ಟು ಔಷಧಿ ಉಳಿದಿರುತ್ತದೆ. ಅಂಟು ಬದಿ ಒಳಗಾಗುವಂತೆ ಮಡಚಿ ಡಬ್ಬಿಗೆ ಹಾಕಿ ಬೀಗದಲ್ಲಿ ಇಡುತ್ತಿದ್ದೆ. ಈ ಪಟ್ಟಿ ಹಿಂದೆ ಒಪಿಯಾಯ್ಡ್ ತೆಗೆದುಕೊಳ್ಳದವರಿಗೆ ಅಲ್ಲವೇ ಅಲ್ಲ.

ಮಾರ್ಫಿನ್ ಮಾತ್ರೆ ಸಿಗುವ ಬಗೆಗೆ ನನಗೆ ಇರುವ ಸಿಟ್ಟು ಇನ್ನೂ ಆರಿಲ್ಲ. ಹತ್ತಿರದ ಊರುಗಳಲ್ಲಿ ಕೇಳಿದೆವು. ಒಂದು ಕಡೆ "ಅದನ್ನು ಇಡುವುದಿಲ್ಲ, ಕೇಸಾಗುತ್ತದೆ" ಎಂದರು. ಇನ್ನೊಂದು ಕಡೆ ಹೆಸರು ಹೇಳಿದ ಕೂಡಲೇ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. 1985ರ ಮಾದಕ ವಸ್ತುಗಳ ಕಾಯ್ದೆ ಬಂದ ಮೇಲೆ ರಾಜ್ಯ ರಾಜ್ಯಕ್ಕೂ ಬೇರೆ ಬೇರೆ ಪರವಾನಗಿಗಳಾಗಿ, ಆಸ್ಪತ್ರೆಗಳು ಮಾರ್ಫಿನ್‌ನ ತಂಟೆಯೇ ಬೇಡವೆಂದವು. ತಿರುವನಂತಪುರದ ಡಾ. ಎಂ.ಆರ್. ರಾಜಗೋಪಾಲ್ ಅವರಂಥ ವೈದ್ಯರು ವರ್ಷಗಟ್ಟಲೆ ಬೆನ್ನು ಹತ್ತಿದ ಮೇಲೆ 2014ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೊಡೋನ್, ಕೊಡೀನ್, ಹೈಡ್ರೊಕೊಡೋನ್ ಈಗ ಅಗತ್ಯ ಮಾದಕ ಔಷಧಿಗಳು. ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಒಪ್ಪಿಗೆ ಸಾಕು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಗಸಗಸೆ ಬೆಳೆಯುತ್ತಾರೆ, ನೀಮಚ್ ಮತ್ತು ಘಾಜಿಪುರದಲ್ಲಿ ಸರ್ಕಾರದ್ದೇ ಅಫೀಮು ಕಾರ್ಖಾನೆಗಳಿವೆ, ಅಫೀಮು ಹೊರದೇಶಕ್ಕೂ ಹೋಗುತ್ತದೆ. ಇಷ್ಟೆಲ್ಲ ಇದ್ದೂ ಕೆಲವೇ ರೂಪಾಯಿಯ ಒಂದು ಮಾತ್ರೆಗೆ ಸಿಂಧನೂರಿನವರು ಜಿಲ್ಲೆ ದಾಟಿ ಹೋಗಬೇಕಾದದ್ದು ಅನ್ಯಾಯ. ಮಾತ್ರೆಯ ಬೆಲೆಗಿಂತ ಬಸ್ಸಿನ ಟಿಕೆಟ್ಟೇ ಹೆಚ್ಚು.

ಈಗ ಅಣ್ಣ. ಭತ್ತದ ಗದ್ದೆಗಳಲ್ಲಿ ಕೆಸರು ಹೊಡೆಯುವ ಟ್ರ್ಯಾಕ್ಟರ್ ಅವನದು. ನಾಟಿಯ ಕಾಲ ಬಂತೆಂದರೆ ಹಗಲು ರಾತ್ರಿ ಸೀಟಿನ ಮೇಲೆ. ಬೆನ್ನು ಹಿಡಿಯಿತು. ಯಾರೋ ಹೇಳಿದರು, ಒಂದು ಅಂಗಡಿಯಲ್ಲಿ ಚೀಟಿ ಕೇಳದೆ ಕೊಟ್ಟರು. ಟ್ರಮಡಾಲ್ 2018ರಿಂದಲೇ ಮಾದಕ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬಂದಿದೆ, ಚೀಟಿಯಿಲ್ಲದೆ ಕೊಡುವಂತಿಲ್ಲ. ಮೊದಮೊದಲು ಮಾತ್ರೆ ನುಂಗಿ ಸೀಟು ಹತ್ತಿದರೆ ದಣಿವೇ ಇಲ್ಲ ಎಂದ. ಆ ಮಾತಿಗೇ ನನಗೆ ದಿಗಿಲಾಯಿತು. ನೋವು ಹೋಯಿತು ಎನ್ನಲಿಲ್ಲ, ದಣಿವಿಲ್ಲ ಎಂದ. ಬರಬರುತ್ತ ಒಂದು ಇದ್ದದ್ದು ಎರಡಾಯಿತು, ಎರಡು ಮೂರಾಯಿತು. ಆ ಮಾತ್ರೆಯಲ್ಲಿ ಪ್ಯಾರಸಿಟಮಾಲ್ ಇದೆ ಎಂಬುದು ತಿಳಿಯದೆ ಜ್ವರದ ಮಾತ್ರೆಯನ್ನೂ ಸೇರಿಸುತ್ತಿದ್ದ. ಅದು ಯಕೃತ್ತಿಗೆ ನೇರ ಪೆಟ್ಟು. ಒಂದು ದಿನ ಮಾತ್ರೆ ತಪ್ಪಿದರೆ ಮೂಗು ಸೋರುವುದು, ಕಾಲು ಸೆಳೆತ, ನಿದ್ದೆಯಿಲ್ಲ, ಮಕ್ಕಳ ಮೇಲೆ ಸಿಟ್ಟು. ಬೆನ್ನು ಮಾತ್ರ ಹೇಗಿತ್ತೋ ಹಾಗೆಯೇ ಇತ್ತು.

ಇದು ನಮ್ಮ ಅಣ್ಣನೊಬ್ಬನ ಅನುಭವವಲ್ಲ. 2018ರಲ್ಲಿ ಅಮೆರಿಕದಲ್ಲಿ ದೀರ್ಘಕಾಲದ ಬೆನ್ನು ನೋವು, ಮಂಡಿ ಮತ್ತು ಸೊಂಟದ ಸವೆತದ ನೋವಿದ್ದ 240 ಜನರನ್ನು ಒಂದು ವರ್ಷ ಗಮನಿಸಿದ ಅಧ್ಯಯನ ಪ್ರಕಟವಾಯಿತು. ಓಡಾಟ, ಕೆಲಸಗಳು ಸುಧಾರಿಸುವುದರಲ್ಲಿ ಒಪಿಯಾಯ್ಡ್ ಬೇರೆ ನೋವಿನ ಔಷಧಿಗಳಿಗಿಂತ ಮೇಲಾಗಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಿತ್ತು. 2023ರಲ್ಲಿ ಆಸ್ಟ್ರೇಲಿಯಾದ ಅಧ್ಯಯನವೊಂದು ಹೊಸದಾಗಿ ಬಂದ ಬೆನ್ನು, ಕುತ್ತಿಗೆ ನೋವಿನವರಿಗೆ ಒಪಿಯಾಯ್ಡ್ ಕೊಟ್ಟು ನೋಡಿತು. ಔಷಧಿಯಿಲ್ಲದ ಹುಸಿ ಮಾತ್ರೆಗಿಂತ ಅದು ಹೆಚ್ಚು ಕೆಲಸ ಮಾಡಲಿಲ್ಲ. ಅಮೆರಿಕದಲ್ಲಿ 1996ರಲ್ಲಿ ಮಾರುಕಟ್ಟೆಗೆ ಬಂದ ಆಕ್ಸಿಕಾಂಟಿನ್ ಎಂಬ ಆಕ್ಸಿಕೊಡೋನ್ ಮಾತ್ರೆಯನ್ನು, ಚಟದ ಅಪಾಯ ಕಡಿಮೆ ಎಂದು ಹೇಳಿ, ಇಂಥ ಸಾಮಾನ್ಯ ನೋವುಗಳಿಗೇ ಹಂಚಿದರು. ಅದರ ತಯಾರಕ ಕಂಪನಿ ಪರ್ಡ್ಯೂ 2007ರಲ್ಲೂ 2020ರಲ್ಲೂ ತಪ್ಪೊಪ್ಪಿಕೊಂಡಿತು. 2021ರ ಒಂದೇ ವರ್ಷದಲ್ಲಿ ಅಲ್ಲಿ ಒಪಿಯಾಯ್ಡ್‌ಗಳ ಅತಿಸೇವನೆಯಿಂದ ಸುಮಾರು 80,000 ಜನ ಸತ್ತರು. ಅವರಲ್ಲಿ ಬಹುಪಾಲು ಸತ್ತದ್ದು ಕಳ್ಳದಾರಿಯಲ್ಲಿ ತಯಾರಾದ ಫೆಂಟನಿಲ್‌ನಿಂದ, ಅವ್ವನಿಗೆ ವೈದ್ಯರು ಅಳೆದು ಕೊಟ್ಟಂಥ ಪಟ್ಟಿಯಿಂದಲ್ಲ.

ಟ್ರಮಡಾಲ್ ಸೌಮ್ಯವಾದದ್ದು ಎಂಬ ನಂಬಿಕೆಯೇ ಅದರ ದೊಡ್ಡ ಅಪಾಯ. ಯಕೃತ್ತು ಅದನ್ನು ಮಾರ್ಪಡಿಸಿದ ಮೇಲೆಯೇ ಅದಕ್ಕೆ ಪೂರ್ಣ ಬಲ. ಆ ಮಾರ್ಪಾಟು ಕೆಲವರಲ್ಲಿ ನಿಧಾನ, ಕೆಲವರಲ್ಲಿ ಅತಿ ವೇಗ. ಹಾಗಾಗಿ ಒಬ್ಬನಿಗೆ ಏನೂ ಆಗದ ಮಾತ್ರೆ ಇನ್ನೊಬ್ಬನನ್ನು ಮಲಗಿಸಿಬಿಡಬಹುದು. ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ದಾಟುವಂತಿಲ್ಲ, ದಾಟದೆಯೂ ಕೆಲವರಿಗೆ ಫಿಟ್ಸ್ ಬರುತ್ತದೆ. ಖಿನ್ನತೆಯ ಹಲವು ಮಾತ್ರೆಗಳ ಜೊತೆ ಸೇರಿದರೆ ನಡುಕ, ಜ್ವರ, ಗೊಂದಲ ಉಂಟಾಗಬಹುದು. ಇದನ್ನು ನುಂಗಿದವನು ರಾತ್ರಿ ಕಾಲುವೆ ದಂಡೆಯ ಮೇಲೆ ಟ್ರ್ಯಾಕ್ಟರ್ ಓಡಿಸುತ್ತಿದ್ದ ಎಂಬುದನ್ನು ನೆನೆದರೆ ಇಂದಿಗೂ ನನಗೆ ಮೈ ನಡುಗುತ್ತದೆ.

ಬಿಡಿಸಿದ್ದು ಹೇಗೆ ಎಂದು ಕೇಳುವವರಿಗೆ: ಬೈದು ಅಲ್ಲ, ಒಮ್ಮೆಲೇ ಕಸಿದೂ ಅಲ್ಲ. ವೈದ್ಯರ ಬಳಿ ಕರೆದೊಯ್ದೆವು. ವಾರಗಳ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿದರು. ಜೊತೆಗೆ ಬೆನ್ನಿನ ವ್ಯಾಯಾಮ, ಬೆಳಗಿನ ನಡಿಗೆ, ಸೀಟಿಗೆ ಹೊಸ ಮೆತ್ತೆ, ಎರಡು ಪಾಳಿಗೆ ಇನ್ನೊಬ್ಬ ಚಾಲಕ. ಬೆನ್ನು ಪೂರ್ತಿ ಗುಣವಾಗಿಲ್ಲ. ಆದರೆ ಈ ಸಲದ ನಾಟಿಯಲ್ಲಿ ಅವನು ಮಾತ್ರೆಯಿಲ್ಲದೆ ಕೆಲಸ ಮುಗಿಸಿದ. ಶಸ್ತ್ರಚಿಕಿತ್ಸೆಯ ನಂತರದ ಎರಡು ಮೂರು ದಿನ, ಮೂಳೆ ಮುರಿದಾಗ ಕೊಡುವ ಒಪಿಯಾಯ್ಡ್ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಚೀಟಿಯಿಲ್ಲದ, ಕೊನೆಯ ದಿನ ಗೊತ್ತಿಲ್ಲದ ಮಾತ್ರೆಯ ಬಗ್ಗೆ.

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಮನೆಯಲ್ಲಿ ಕ್ಯಾನ್ಸರ್ ರೋಗಿ ಇರುವವರು ದಯವಿಟ್ಟು ನೋವು ಹತ್ತಕ್ಕೆ ಏರುವವರೆಗೆ ಕಾಯಬೇಡಿ. ಚಿಕಿತ್ಸೆ ಕೊಡುವ ಆಸ್ಪತ್ರೆಯಲ್ಲಿ ನೇರವಾಗಿ ಕೇಳಿ: ನಿಮ್ಮಲ್ಲಿ ನೋವು ಶಮನ ವಿಭಾಗ ಇದೆಯೇ, ಮಾರ್ಫಿನ್ ಇಡಲು ಮಾನ್ಯತೆ ಇದೆಯೇ, ಇಲ್ಲವಾದರೆ ಹತ್ತಿರದಲ್ಲಿ ಯಾರಿಗಿದೆ? ರೋಗಿಯೇ ಪ್ರತಿ ಸಲ ಬರಬೇಕೇ, ಮನೆಯವರು ಬಂದರೆ ಸಾಕೇ, ಒಮ್ಮೆಗೆ ಎಷ್ಟು ದಿನದ ಮಾತ್ರೆ ಕೊಡುತ್ತೀರಿ? ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಮಾತ್ರೆಗಳನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಿ, ಪ್ರತಿ ದಿನ ಎಣಿಸಿ ಬರೆಯಿರಿ. ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಮಾತ್ರೆಯಾದರೆ ಪುಡಿ ಮಾಡಬೇಡಿ, ಹನ್ನೆರಡು ಗಂಟೆಯ ಔಷಧಿ ಒಮ್ಮೆಲೇ ಮೈಗೆ ಇಳಿದುಬಿಡುತ್ತದೆ. ಅವ್ವ ಹೋದ ಮೇಲೆ ಉಳಿದ ಮಾತ್ರೆ, ಪಟ್ಟಿಗಳನ್ನು ನಾನು ಲೆಕ್ಕದ ಪುಸ್ತಕದ ಸಮೇತ ಅದೇ ಆಸ್ಪತ್ರೆಗೆ ಒಪ್ಪಿಸಿ, ಎಣಿಕೆಗೆ ಅವರಿಂದ ಸಹಿ ಹಾಕಿಸಿಕೊಂಡು ಬಂದೆ. ನೀವೂ ಹಾಗೆಯೇ ಮಾಡಿ. ಉಳಿದದ್ದನ್ನು ನೋವೆಂದು ಕೇಳಿ ಬರುವ ನೆಂಟರ ಕೈಗೆ ಮಾತ್ರ ಕೊಡಬೇಡಿ.